ಕುಡಿಯಬಾರದಾಗಿದ್ದ ಕಾಫಿ

ಗೆಳತಿ ಫಾದಿಯಾಳ ಮನೆಯ ಬಾಗಿಲು ತೆರೆದವನನ್ನು ಕಂಡು ಹನಾದಿಯ ಕೈಯಲ್ಲಿದ್ದ ಕುನಾಫಾ ಸಿಹಿಯ ತಟ್ಟೆ ವಾಲಿತು. ಸಕ್ಕರೆ ಪಾಕ ಸೊರ್ರನೆ ಇಳಿದು ನೇರ ಅವನ ಬೂಟಿನ ಮೇಲೆ!

"ಹದಿನೇಳು ವರ್ಷ ಆದ್ಮೇಲೆ ಸಿಕ್ಕಿದೀಯ... ಬಂದವಳೇ ನನ್ನ ಬೂಟಿಗೆ ಸಿಹಿ ತಿನ್ನಿಸ್ತೀಯಲ್ಲ," ಅಂದ ನಿದಾಲ್.

ಅದೇ ನಗು. ಕೂದಲು ಮಾತ್ರ ಅರ್ಧಕ್ಕರ್ಧ ಬೆಳ್ಳಗಾಗಿತ್ತು.

'ಇವನೂ ಬರ್ತಾನೆ ಅಂತ ಫಾದಿಯಾ ಒಂದು ಮಾತು ಹೇಳಲಿಲ್ಲವಲ್ಲ!'

"ಒರೆಸ್ಕೋ," ಅಂದು ಹನಾದಿ ಅವನನ್ನು ದಾಟಿ ನೇರ ಅಡುಗೆಮನೆಗೆ ನುಗ್ಗಿದಳು. ಒಲೆಯ ಮುಂದೆ ನಿಂತು ಮೊಸರಿನ ಸಾರು ತಿರುವುತ್ತಿದ್ದ ಗೆಳತಿಯ ತೋಳು ಚಿವುಟಿದಳು.

"ಮೋಸಗಾತಿ!"

"ಹೇಳಿದ್ರೆ ಬರ್ತಿದ್ಯಾ?"

"ಇಲ್ಲ."

"ಮತ್ತೆ? ಹಿಡಿ ಸೌಟು. ಒಂದೇ ಕಡೆಗೆ ತಿರುವು. ನಿನ್ನ ಕೋಪಕ್ಕೆ ಸಾರು ಒಡೆದ್ರೆ ಹತ್ತು ಜನ ಉಪವಾಸ!"

ನಮ್ಮ ಸಲ್ತ್ ಊರಲ್ಲಿ ಎಲ್ಲಿಗೆ ಹೋಗಬೇಕಾದರೂ ಮೆಟ್ಟಿಲು ಹತ್ತಬೇಕು, ಇಲ್ಲ ಇಳಿಯಬೇಕು. ಇಲ್ಲಿಯವರ ಸಿಟ್ಟೂ ಹಾಗೆಯೇ, ನಡುವೆ ಸಮತಟ್ಟು ಅನ್ನುವುದೇ ಇಲ್ಲ. ಹನಾದಿಯ ಸಿಟ್ಟಂತೂ ಒಮ್ಮೆ ಹತ್ತಿದ್ದು ಹದಿನೇಳು ವರ್ಷ ಇಳಿದಿರಲಿಲ್ಲ.

ಕಾಲೇಜಿನಲ್ಲಿ ಇವರದು ಭೂವಿಜ್ಞಾನ. 'ಕಲ್ಲು ಒಡೆಯೋ ಕ್ಲಾಸು' ಎಂದು ಬೇರೆಯವರು ಆಡಿಕೊಳ್ಳುತ್ತಿದ್ದರು. ನಾಲ್ಕು ವರ್ಷ ಬೆಟ್ಟ ಗುಡ್ಡ ಅಲೆಯುತ್ತಾ ಹನಾದಿ, ನಿದಾಲ್ ಒಬ್ಬರಿಗೊಬ್ಬರು ಮನಸ್ಸು ಕೊಟ್ಟರು. ಓದು ಮುಗಿದ ಬೇಸಿಗೆಯಲ್ಲಿ ಅವನು, "ಗುರುವಾರ ನಮ್ಮೋರು ನಿನ್ನ ಕೇಳೋಕೆ ಬರ್ತಾರೆ" ಎಂದ. ಬಂದರು. ಕೇಳದೆ ಹೋದರು. ಅಭಿಮಾನಕ್ಕೆ ಬಿದ್ದು ಇಬ್ಬರೂ ಆಮೇಲೆ ಒಬ್ಬರನ್ನೊಬ್ಬರು ಮಾತಾಡಿಸಲೇ ಇಲ್ಲ. ಎರಡು ತಿಂಗಳಿಗೆ ಅವಳು ಕೆನಡಾ ವಿಮಾನ ಹತ್ತಿದಳು. ಕ್ಯಾಲ್ಗರಿಯಲ್ಲಿ ಓದಿದಳು, ಅಲ್ಲೇ ಕೆಲಸ ಹಿಡಿದಳು. ಅಪ್ಪ ತೀರಿಕೊಂಡಾಗ ಒಂದು ವಾರಕ್ಕೆ ಬಂದುಹೋದದ್ದು ಬಿಟ್ಟರೆ ಊರಿಗೆ ಬಂದಿದ್ದು ಈಗಲೇ.

ಇಬ್ಬರಿಗೂ ಮದುವೆಯಾಗಿರಲಿಲ್ಲ. ಒಬ್ಬರಿಗೊಬ್ಬರು ಕಾಯುತ್ತಾ ಕೂತಿದ್ದರು ಎಂದರೆ ಅದು ಬೊಗಳೆ. ಬೇರೆ ಯಾರೂ ಹಿಡಿಸಲಿಲ್ಲ, ಅಷ್ಟೇ.

ದೊಡ್ಡ ತಟ್ಟೆಯ ತುಂಬ ಅನ್ನ, ಮೇಲೆ ಮಾಂಸ, ಅದರ ಮೇಲೆ ಬಿಸಿ ಸಾರು. ಹಳೇ ಗೆಳೆಯರೆಲ್ಲ ಸುತ್ತ ನಿಂತು ಒಂದೇ ತಟ್ಟೆಗೆ ಕೈ ಹಾಕಿದರು. ಫಾದಿಯಾಳ ಗಂಡ ರಾಇದ್ ಕೂಡ ಅದೇ ಕ್ಲಾಸಿನವನು. ಬಾಯಿಗೆ ಬೀಗವಿಲ್ಲದ ಮನುಷ್ಯ.

"ಬೆಟ್ಟದ ವಯಸ್ಸು ಹೇಳೋ ಜನ ನಾವು," ಎಂದ. "ಆದ್ರೆ ನೀವಿಬ್ರೂ ಯಾಕೆ ಮದುವೆ ಆಗ್ಲಿಲ್ಲ ಅನ್ನೋದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ ಕಣ್ರಪ್ಪ!"

ಫಾದಿಯಾ ಗಂಡನ ಕಾಲು ತುಳಿದಳು. ತಡವಾಗಿತ್ತು.

"ಅವಳನ್ನೇ ಕೇಳು," ಎಂದ ನಿದಾಲ್, ತಲೆ ಎತ್ತದೆ. "ಬೇಡ ಅಂದಿದ್ದು ಅವಳ ಮನೆಯೋರು."

"ನಾವಾ?!" ಹನಾದಿಯ ಮುಖ ಕೆಂಪಾಯಿತು. "ಕೇಳಿದ್ರೆ ತಾನೆ ಬೇಡ ಅನ್ನೋಕೆ! ನಿಮ್ಮ ಅಬು ಸಖ್ರ್ ಅಜ್ಜ ನಾನು ಕುದಿಸಿದ ಕಾಫೀನ ಒಂದೇ ಗುಟುಕಿಗೆ ಕುಡಿದ್ರು. ಸಾಕು ಅಂತ ಕಪ್ ಅಲ್ಲಾಡಿಸಿದ್ರು. ಆಲಿವ್ ಬೆಳೆ ವಿಷಯ ಮಾತಾಡಿ ಎದ್ದುಹೋದ್ರು. ಪರದೆ ಹಿಂದೆ ನಿಂತು ಎಲ್ಲಾ ನೋಡಿದ್ದೀನಿ ನಾನು!"

ನಿದಾಲ್‌ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಏನು... ಕುಡಿದ್ರಾ?"

"ಹೂಂ. ಕುಡಿದ್ರು."

ಇಲ್ಲಿಯ ಪದ್ಧತಿ ಎಲ್ಲರಿಗೂ ಗೊತ್ತು. ಹೆಣ್ಣು ಕೇಳಲು ಹೋದ ಹಿರಿಯ ಕಾಫಿಯನ್ನು ಮುಂದಿಟ್ಟುಕೊಂಡು ಮುಟ್ಟದೆ ಕೂರಬೇಕು. 'ನೀವು ಬಂದ ಕೆಲಸ ಆಯ್ತು, ಕುಡೀರಿ' ಎಂದು ಮನೆಯವರು ಹೇಳಿದ ಮೇಲೇ ತುಟಿಗೆ ತಾಗಿಸಬೇಕು. ಮೊದಲೇ ಕುಡಿದರೆ ಕೇಳುವುದು ಏನೂ ಇಲ್ಲ ಎಂದರ್ಥ.

"ಆವತ್ತು ನಾನು ಜೊತೆಗೆ ಬಂದಿರಲಿಲ್ಲ. ನನಗೆ ಅಜ್ಜ ಹೇಳಿದ್ದೇ ಬೇರೆ," ಎಂದ ನಿದಾಲ್. "ಕೇಳಿದ್ವಿ, ಅವರು ಒಪ್ಪಲಿಲ್ಲ, ಹುಡುಗಿ ಪರದೇಶಕ್ಕೆ ಹೋಗ್ತಾಳಂತೆ... ತಣ್ಣಗಾದ ಕಾಫಿ ಹಾಗೇ ಬಿಟ್ಟು ಬಂದ್ವಿ ಅಂದ್ರು. ಹೋಗಿದ್ದ ಹತ್ತು ಜನಾನೂ ತಲೆ ಆಡಿಸಿದ್ರು!"

ಹನಾದಿ ತಟ್ಟೆಯಿಂದ ಕೈ ತೆಗೆದಳು. 'ಹಾಗಾದ್ರೆ ಇವನು ನನ್ನ ಬಿಟ್ಟಿರಲಿಲ್ಲ...'

ನಿದಾಲ್ ಕೈ ತೊಳೆದುಕೊಂಡು ಹೊರಟ. ಬಾಗಿಲಲ್ಲಿ ತಿರುಗಿದ.

"ನಿನ್ನ ವಿಮಾನ ಯಾವಾಗ?"

"ನಾಡಿದ್ದು. ಭಾನುವಾರ."

"ನಾಳೆ ಮನೇಲಿರ್ತೀಯಾ?"

"ಯಾಕೆ?"

"ಇರ್ತೀಯಾ, ಹನಾದಿ?"

"...ಅಮ್ಮನ ಜೊತೆ ಇರ್ತೀನಿ."

ಮಾರನೇ ದಿನ ಅವಳು ಪೆಟ್ಟಿಗೆಗೆ ಬಟ್ಟೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಒಂದೇ ಯೋಚನೆ ಕೊರೆಯುತ್ತಿತ್ತು. 'ಅವನಿಗೆ ಬೇಕಾಗಿರೋದು ನಾನಾ? ಇಲ್ಲ, ಆವತ್ತಿನ ತಪ್ಪು ಸರಿಯಾದ್ರೆ ಸಾಕಾ?'

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಗದ್ದಲ. ಕಿಟಕಿಯಿಂದ ಇಣುಕಿದ ಅಣ್ಣ ಹಾತಿಮ್ ಕಣ್ಣರಳಿಸಿದ.

"ಅಮ್ಮಾ! ಅಬು ಸಖ್ರ್ ಅಜ್ಜನ್ನ ಪ್ಲಾಸ್ಟಿಕ್ ಕುರ್ಚಿ ಸಮೇತ ಹೊತ್ಕೊಂಡು ಬರ್ತಿದ್ದಾರೆ!"

"ಜೀವ ಇದೆಯೇನೋ ಅವರಿಗೆ?" ಎಂದಳು ಅಮ್ಮ, ತಲೆವಸ್ತ್ರ ಸರಿಮಾಡಿಕೊಳ್ಳುತ್ತಾ.

"ಬೈತಿದ್ದಾರೆ. ಅಂದ್ಮೇಲೆ ಇದೆ."

ಹನಾದಿ ಒಲೆ ಹಚ್ಚಿದಳು. ಏಲಕ್ಕಿ ಜಜ್ಜಿದಳು. ಆವತ್ತೂ ಇದೇ ಒಲೆ, ಇದೇ ಕೈ.

ಹನ್ನೊಂದು ಜನ ಗಂಡಸರು ಗೋಡೆಗೊರಗಿ ಕೂತರು. ಕೊನೆಯಲ್ಲಿ ನಿದಾಲ್. ಹಾತಿಮ್ ಕಾಫಿ ಬಗ್ಗಿಸಿಕೊಟ್ಟ. ತೊಂಬತ್ತೊಂದು ವರ್ಷದ ಅಬು ಸಖ್ರ್ ಕಪ್ಪನ್ನು ಮುಂದಿನ ಮೇಜಿನ ಮೇಲೆ, ಕೈಗೆ ಎಟುಕದಷ್ಟು ದೂರ ತಳ್ಳಿದ.

"ಕುಡೀರಿ ಅಜ್ಜಾ."

"ಕುಡಿಯಲ್ಲ! ಮೊದಲು ನನ್ನ ಮಾತು ಕೇಳು. ಆವತ್ತು ನೂರಿಪ್ಪತ್ತು ಮೆಟ್ಲು ಹತ್ತಿ ಬಂದಿದ್ದೆ. ಬಾಯಿ ಒಣಗಿತ್ತು. ಕಪ್ ಕೈಗೆ ಬಂತು, ಕುಡಿದ್ಬಿಟ್ಟೆ. ಕುಡಿದ್ಮೇಲೆ ನೆನಪಾಯ್ತು ಯಾಕೆ ಬಂದಿದ್ದು ಅಂತ! ನನ್ನ ಜೊತೆ ಬಂದೋರು ನನ್ನ ಮರ್ಯಾದೆ ಉಳಿಸೋಕೆ ಬಾಯಿ ಬಿಡಲಿಲ್ಲ. ನಿಮ್ಮಪ್ಪ ಮರ್ಯಾದಸ್ಥ, ಮಗಳನ್ನ ತಾನಾಗಿ ಹೇಗೆ ಎತ್ತಿಕೊಡ್ತಾನೆ? ನಾನು ಮನೆಗೆ ಹೋಗಿ ಸುಳ್ಳು ಹೇಳ್ದೆ. ನಿಮ್ಮಪ್ಪ ತೀರ್ಕೊಂಡಾಗ್ಲೂ ಬಂದೆ, ಇದೇ ಜಾಗದಲ್ಲಿ ಕೂತು ಕಾಫಿ ಕುಡಿದೆ... ಅವತ್ತೂ ಹೇಳಲಿಲ್ಲ."

ಮುದುಕನ ಗಲ್ಲ ಒದ್ದೆಯಾಗಿತ್ತು.

"ಈ ಹುಡುಗನ ತಲೆ ಬೆಳ್ಳಗಾಗಿದ್ದು ನನ್ನಿಂದ. ಹನಾದೀನ ನಮ್ಮ ನಿದಾಲ್‌ಗೆ ಕೊಡಪ್ಪಾ."

ಹಾತಿಮ್ ಪರದೆಯ ಕಡೆ ತಿರುಗಿದ.

"ಕಾಫಿ ಅವಳದ್ದು ಅಜ್ಜಾ. ಅವಳೇ ಹೇಳ್ಲಿ."

ಕೂತವರಲ್ಲಿ ಗುಸುಗುಸು ಎದ್ದಿತು. ಹನಾದಿ ಪರದೆ ಸರಿಸಿ ಹೊರಗೆ ಬಂದಳು. ಕಣ್ಣಿದ್ದದ್ದು ನಿದಾಲ್ ಮೇಲೆ.

"ಇದು ಆವತ್ತಿನ ತಪ್ಪು ತಿದ್ದೋಕಾ? ಹಾಗಿದ್ರೆ ತಿದ್ದಿದ ಹಾಗೇ ಆಯ್ತು, ಎದ್ದು ಹೋಗು. ನಾನು ಆ ಹುಡುಗಿ ಅಲ್ಲ ನಿದಾಲ್. ನಲವತ್ತು ತುಂಬ್ತಾ ಬಂತು. ಸೊಂಟ ನೋವಿದೆ. ಬೆಳಗ್ಗೆ ಎದ್ದು ಒಂದು ಗಂಟೆ ಯಾರ ಹತ್ರನೂ ಮಾತಾಡಲ್ಲ."

"ಆ ಹುಡುಗಿ ಆಸೆ ನಾನು ಯಾವತ್ತೋ ಬಿಟ್ಟೆ," ಎಂದ ನಿದಾಲ್ ಮೆಲ್ಲಗೆ. "ನಿನ್ನೆ ಒಬ್ಬಳು ನನ್ನ ಬೂಟಿಗೆ ಪಾಕ ಸುರಿದು 'ಒರೆಸ್ಕೋ' ಅಂದಳಲ್ಲ... ನನಗೆ ಅವಳು ಬೇಕು."

ಹನಾದಿ ಒಂದು ಹೆಜ್ಜೆ ಮುಂದೆ ಬಂದಳು.

"ಒರೆಸಿದ್ಯಾ?"

"ಇನ್ನೂ ಇಲ್ಲ. ಇರುವೆ ಮುತ್ತಿವೆ."

ಅವಳಿಗೆ ಅಳುವಿನ ಜೊತೆಗೇ ನಗು ಬಂತು!

"ಬೇಗ ಹೇಳಮ್ಮಾ," ಗೊಣಗಿದ ಅಬು ಸಖ್ರ್. "ಮತ್ತೆ ಬಾಯಿ ಒಣಗ್ತಿದೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ..."

ಹನಾದಿ ಆರಿದ ಕಾಫಿಯನ್ನು ಚೆಲ್ಲಿ, ಬಿಸಿಯಾದದ್ದು ಬಗ್ಗಿಸಿ, ಕಪ್ಪನ್ನು ಮುದುಕನ ಎರಡೂ ಕೈಗಳ ನಡುವೆ ಇಟ್ಟಳು.

"ನೀವು ಬಂದ ಕೆಲಸ ಆಯ್ತು ಅಜ್ಜಾ. ಕುಡೀರಿ."

ಒಳಗಿನಿಂದ ಅಮ್ಮ ಸಂಭ್ರಮದಿಂದ ಹಾಕಿದ ಉಲುಲು ಕೇಕೆ ಮೆಟ್ಟಿಲುದ್ದಕ್ಕೂ ಹರಿಯಿತು. ಅಕ್ಕಪಕ್ಕದ ಮನೆಗಳ ಕಿಟಕಿಗಳು ದಡದಡನೆ ತೆರೆದುಕೊಂಡವು.

ಎಲ್ಲರೂ ಅಪ್ಪಿಕೊಳ್ಳುವ ಗಲಾಟೆಯಲ್ಲಿ ನಿದಾಲ್ ಹೊರಗೆ ಬಂದು ಮೊದಲ ಮೆಟ್ಟಿಲ ಮೇಲೆ ಕೂತಿದ್ದ. ಹನಾದಿ ಪಕ್ಕದಲ್ಲಿ ಕೂತಳು.

"ನಾಳೆ ವಿಮಾನ?"

"ಮುಂದಿನ ವಾರಾನೂ ಹಾರತ್ತೆ. ಆಮೇಲೆ ನೀನು ಅಲ್ಲಿಗೋ, ನಾನು ಇಲ್ಲಿಗೋ... ಜಗಳ ಆಡೋಣ. ಟೈಮಿದೆ."

ಅವನ ಕೈಯಲ್ಲಿದ್ದ ಕಪ್ಪು ಇನ್ನೂ ತುಂಬಿತ್ತು. ಅವಳು ಹುಬ್ಬೇರಿಸಿದಳು.

"ಇದ್ಯಾಕೆ ಹಾಗೇ ಇದೆ? ಎಲ್ಲರೂ ಕುಡಿದಾಯ್ತು."

"ನೀನು ಹೇಳಿದ್ದು ಅಜ್ಜನಿಗೆ," ಎಂದ ಅವನು. "ನನಗೆ ಇನ್ನೂ ಹೇಳಿಲ್ಲ."

ಹನಾದಿ ಅವನ ಭುಜಕ್ಕೆ ತಲೆಯಾನಿಸಿದಳು.

"ಕುಡಿ, ನಿದಾಲ್."