ಪಠ್ಯದಲ್ಲಿಲ್ಲದ ಒಂದು ಸಾಲು

ಮೌನೇಶನ ತಲೆಗೆ ಬಾಚಣಿಗೆಯಂಥ ಪಟ್ಟಿ ಕಟ್ಟಿ ಡಾ. ವಾದಿರಾಜರು ಗುಂಡಿ ಒತ್ತಿದರು. ಎಂಟು ವರ್ಷದ ಹುಡುಗ ಆರು ತಿಂಗಳಲ್ಲಿ ಕಲಿತದ್ದೆಲ್ಲ ಪರದೆಯ ಮೇಲೆ ಸಾಲುಸಾಲಾಗಿ ಮೂಡಿತು. ಕನ್ನಡದಲ್ಲಿ ಒತ್ತಕ್ಷರ ಬರುತ್ತದೆ. ಗಣಿತದಲ್ಲಿ ದಶಕ ಎರವಲು ತಂದು ಕಳೆಯಲು ಬರುತ್ತದೆ. ಬೇರು, ಕಾಂಡ, ಎಲೆಗಳ ಕೆಲಸ ಗೊತ್ತು. ಹಗಲು ರಾತ್ರಿ ಏಕಾಗುತ್ತವೆ ಎಂಬುದು ಅರ್ಧ ಗೊತ್ತು. ಮಗ್ಗಿಯ ಒಂದು ಸಾಲು ಮಾತ್ರ ಕೆಂಪಾಗಿತ್ತು: ಎಂಟೇಳ್ಲಿ ಐವತ್ನಾಲ್ಕು.

ವಾದಿರಾಜರು ಇನ್ನೊಂದು ಗುಂಡಿ ಒತ್ತಿದರು.

"ಈಗ ಹೇಳು, ಎಂಟೇಳ್ಲಿ ಎಷ್ಟು?"

"ಐವತ್ತಾರ್ರೀ."

"ಮೊದಲು ಐವತ್ನಾಲ್ಕು ಅನ್ನುತ್ತಿದ್ದೆಯಲ್ಲ?"

"ಇಲ್ರೀ ಸರ್," ಹುಡುಗನಿಗೆ ಸಿಟ್ಟೇ ಬಂತು. "ನಾ ಯಾವಾಗ ಹಂಗಂದೀನ್ರಿ?"

ಇದು ವಾದಿರಾಜರೇ ರೂಪಿಸಿದ ಯಂತ್ರ, 'ಕಲಿಕಾದರ್ಶಕ'. ಮಗು ಏನನ್ನಾದರೂ ಕಲಿತಾಗ ಮಿದುಳಿನ ತಂತುಗಳ ನಡುವೆ ಒಂದು ಹೊಸ ಕಾಲುದಾರಿ ಬೀಳುತ್ತದೆ. ಯಂತ್ರ ಅಂಥ ದಾರಿಗಳನ್ನು ಓದಿ, ಎಷ್ಟು ಸವೆದಿವೆ ಎಂದು ನೂರಕ್ಕೆ ಅಳೆಯುತ್ತದೆ. ಬೇಡವಾದದ್ದನ್ನು ಸ್ಲೇಟು ಒರೆಸಿದ ಹಾಗೆ ಒರೆಸಲೂ ಬಲ್ಲದು. ಒರೆಸಿದ ಮೇಲೆ ಅಲ್ಲೊಂದು ದಾರಿಯಿತ್ತು ಎಂಬ ನೆನಪೂ ಮಗುವಿಗೆ ಉಳಿಯುವುದಿಲ್ಲ. ತಪ್ಪನ್ನಷ್ಟೇ ಅಲ್ಲ, ಪಠ್ಯದಲ್ಲಿಲ್ಲದ ಯಾವ ಕಲಿಕೆಯನ್ನಾದರೂ ಒರೆಸಬಹುದೆಂದು ನಿಯಮವೇ ಇತ್ತು. ಎಳೆಯ ತಲೆಯಲ್ಲಿ ಜಾಗ ಕಡಿಮೆ ಎಂದು ಯಾರೋ ದೊಡ್ಡವರು ಲೆಕ್ಕ ಹಾಕಿದ್ದರಂತೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಕೃಷ್ಣಾ ನದಿಯ ನಡುವಿನ ನವಿಲುಗಡ್ಡಿಯ ಶಾಲೆಗೆ ಒಡೆದ ಮೆಟ್ಟಿಲು ಕಟ್ಟಿಸಲು ಹನ್ನೊಂದು ವರ್ಷದಿಂದ ಯಾರಿಗೂ ಪುರುಸೊತ್ತಿರಲಿಲ್ಲ. ಯಂತ್ರ ಮಾತ್ರ ತಪ್ಪದೆ ಅರ್ಧ ವರ್ಷಕ್ಕೊಮ್ಮೆ ದೋಣಿ ಹತ್ತಿ ಬರುತ್ತಿತ್ತು. ಒಂದರಿಂದ ಮೂರನೆಯ ತರಗತಿಯವರೆಗೆ ಹತ್ತೊಂಬತ್ತು ಮಕ್ಕಳು, ಒಬ್ಬರೇ ಶಿಕ್ಷಕಿ, ಪಂಪಾವತಿ ಟೀಚರ್. ಮಕ್ಕಳ ಸರಾಸರಿ ಅರವತ್ತಕ್ಕಿಂತ ಇಳಿದರೂ, ಶಿಕ್ಷಕಿ ಕೆಲಸಕ್ಕೆ ಅನರ್ಹರೆಂದು ತಿಳಿದರೂ ಶಾಲೆ ಮುಚ್ಚುತ್ತಿತ್ತು. ಗಡ್ಡಿಗೆ ಬರಲು ಬೇರೆ ಶಿಕ್ಷಕರು ಒಪ್ಪುತ್ತಿರಲಿಲ್ಲ. ಆಮೇಲೆ ಆ ಎಳೆಯರು ದಿನಾ ಹರಿಗೋಲಿನಲ್ಲಿ ಹೊಳೆ ದಾಟಬೇಕು. ಹಿಂದೆ ಹಾಗೆ ದಾಟುತ್ತಿದ್ದ ಕಾಲದಲ್ಲಿ ಮೂರು ಮಕ್ಕಳು ಹೊಳೆಪಾಲಾಗಿದ್ದರು. ಆ ಕಾರಣಕ್ಕೇ ಈ ಶಾಲೆ ಹುಟ್ಟಿತ್ತು.

ಪಂಪಾವತಿ ಟೀಚರಿಗೆ ಕಣ್ಣು ಕಾಣುತ್ತಿರಲಿಲ್ಲ. ಎರಡು ವರ್ಷದಿಂದ ಮಸುಕಾಗುತ್ತ ಬಂದು, ಈ ಜೂನಿನಲ್ಲಿ ಪೂರ್ತಿ ಕತ್ತಲಾಗಿತ್ತು. ನರ ಒಣಗಿದ ಕಣ್ಣಿಗೆ ಆ ಕಾಲದಲ್ಲೂ ಮದ್ದಿರಲಿಲ್ಲ. ಹೆಜ್ಜೆ ಎಣಿಸಿ ನಡೆದು, ಪಾಠವನ್ನೆಲ್ಲ ಬಾಯಿಪಾಠ ಮಾಡಿ, ಯಾರಿಗೂ ತಿಳಿಯದ ಹಾಗೆ ನಿಭಾಯಿಸುತ್ತಿದ್ದೇನೆ ಎಂದು ಅವರು ನಂಬಿದ್ದರು. ತಮ್ಮ ಆ ಜಾಣತನದ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮಧ್ಯಾಹ್ನದ ಹೊತ್ತಿಗೆ ಅಳತೆ ಮುಗಿಯಿತು. ಮಕ್ಕಳು ಊಟಕ್ಕೆ ಹೊರಗೆ ಹೋದರು.

"ಸರಾಸರಿ ಅರವತ್ತೆರಡು, ಟೀಚರ್. ಶಾಲೆ ಉಳಿಯಿತು," ಎಂದರು ವಾದಿರಾಜರು. ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು.

"ಆದರೆ ಇಲ್ಲೊಂದು ವಿಚಿತ್ರವಿದೆ. ಪಠ್ಯದಲ್ಲಿಲ್ಲದ ಒಂದು ಕಲಿಕೆ ಹತ್ತೊಂಬತ್ತು ಮಕ್ಕಳಲ್ಲೂ ಇದೆ. ನೂರಕ್ಕೆ ತೊಂಬತ್ತೇಳು! ಯಾವ ಶಾಲೆಯಲ್ಲೂ ಯಾವ ವಿಷಯಕ್ಕೂ ಇಷ್ಟು ಬಂದದ್ದನ್ನು ನಾನು ಕಂಡಿಲ್ಲ. ಏನು ಕಲಿಸಿದಿರಿ?"

"ನಾ ಏನ್ ಕಲಿಸೀನ್ರಿ? ಓದ್ರಿ ನೋಡೂಣು."

ವಾದಿರಾಜರು ಉತ್ಸಾಹದಿಂದ ಓದತೊಡಗಿದರು. "ಮಾತಾಡುವ ಮೊದಲು ತಮ್ಮ ಹೆಸರು ಹೇಳುವುದು. ಸೀಮೆಸುಣ್ಣವನ್ನು ಮೇಜಿನ ಎಡಮೂಲೆಯಲ್ಲೇ ಇಡುವುದು. ಬೋರ್ಡಿನ ಮೇಲೆ ಬಿದ್ದ ಪ್ರತಿಯೊಂದು ಅಕ್ಷರವನ್ನೂ ಗಟ್ಟಿಯಾಗಿ ಓದುವುದು. ಓಡಾಡುವ ದಾರಿಯಲ್ಲಿ ಚೀಲ ಬಿಡದಿರುವುದು. ಒಡೆದ ಮೆಟ್ಟಿಲು ಬಂದಾಗ ಕೆಮ್ಮುವುದು..." ಅವರ ದನಿ ಇಳಿಯಿತು. ಕೊನೆಯ ಮಾತನ್ನು ಓದಲೋ ಬೇಡವೋ ಎಂದು ತಡೆದು, ಮೆಲ್ಲಗೆ ಓದಿದರು. "ಏಕೆಂದರೆ ಟೀಚರಿಗೆ ಕಣ್ಣು ಕಾಣುವುದಿಲ್ಲ."

ಪಂಪಾವತಿಯವರ ಕೈ ಮೇಜಿನ ಎಡಮೂಲೆಗೆ ಹೋಯಿತು; ಸೀಮೆಸುಣ್ಣ ಅಲ್ಲೇ ಇತ್ತು.

"ಧೂಳಿಗೆ ಕೆಮ್ತಾವಂತ ತಿಳ್ಕೊಂಡಿದ್ದೆ," ಎಂದರು ಪಂಪಾವತಿ. ಅವರು ಅಳುತ್ತಿದ್ದರು. "ಒಂದನೇ ಕ್ಲಾಸಿನ ಕೂಸುಗಳೂ ಅವರಾಗ ಅದಾವೇನ್ರಿ?"

"ಎಲ್ಲರೂ. ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ನೋಡಿ ನೋಡಿ ಕಲಿತಿದ್ದಾರೆ." ವಾದಿರಾಜರು ಒಳ್ಳೆಯವರು, ಯಂತ್ರ ಮಾಡುವವರಲ್ಲಿ ಒಳ್ಳೆಯವರು ಇರಬಾರದೆಂದಿಲ್ಲ. "ಸಂಜೆ ಈ ವರದಿ ತಾನಾಗಿ ಇಲಾಖೆಗೆ ಹೋಗುತ್ತದೆ, ಟೀಚರ್. ತಡೆಯುವುದು ನನ್ನ ಕೈಯಲ್ಲಿಲ್ಲ. ಮಕ್ಕಳಲ್ಲಿ ಇರುವುದನ್ನೆಲ್ಲ ಅದು ಬರೆಯುತ್ತದೆ. ಇಲ್ಲದ್ದನ್ನು ಬರೆಯುವುದಿಲ್ಲ."

ಟೀಚರಿಗೆ ಅರ್ಥವಾಯಿತು. "ಒರಸಿಬಿಟ್ರ?"

"ಶಾಲೆ ಉಳಿಯುತ್ತದೆ. ಆದರೆ ಇಷ್ಟು ದಿನ ನಿಮ್ಮನ್ನು ನಡೆಸಿದವರು ಅವರು. ಮತ್ತೆ ಹೇಳಿಕೊಡುತ್ತೇನೆಂದರೆ ಮಾರ್ಚಿನ ಅಳತೆಯಲ್ಲಿ ಮತ್ತೆ ಸಿಕ್ಕಿಬೀಳುತ್ತದೆ."

ಅತ್ತ ದರಿ, ಇತ್ತ ಪುಲಿ. ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದು ಬರುತ್ತಿತ್ತು. ಅದರಾಚೆ ಹೊಳೆಯ ಸದ್ದು. ಟೀಚರ್ ಎರಡನ್ನೂ ಕೇಳುತ್ತ ಕೂತರು.

"ಹೊಳಿ ದಾಟೂದು ಬ್ಯಾಡ್ರಿ ಅವು," ಎಂದರು ಕೊನೆಗೆ. "ನನ್ನ ಹೆಜ್ಜಿ ನನಗ ಎಣಸಾಕ ಬರ್ತದ. ಒರಸ್ರಿ."

ಹತ್ತೊಂಬತ್ತು ಮಕ್ಕಳು ಒಬ್ಬೊಬ್ಬರಾಗಿ ಬಂದು ಮತ್ತೆ ಪಟ್ಟಿ ಕಟ್ಟಿಸಿಕೊಂಡರು. ಮೂರನೆಯ ತರಗತಿಯ ಹುಲಿಗೆಮ್ಮ ಕೊನೆಯವಳು. "ನಾನ್ರೀ ಟೀಚರ್, ಹುಲಿಗೆಮ್ಮ. ನೀರು ತಂದೀನ್ರಿ," ಎಂದು ಲೋಟವನ್ನು ಅವರ ಬಲಗೈಗೆ ತಾಗಿಸಿ ಕೊಟ್ಟು, ಹೋಗಿ ಯಂತ್ರದ ಮುಂದೆ ಕೂತಳು.

ಮರುದಿನವೇ ಶುರುವಾದ ದಸರಾ ರಜೆ ಮುಗಿದು ಶಾಲೆ ಮತ್ತೆ ತೆರೆಯಿತು. ಪಂಪಾವತಿ ಟೀಚರ್ ಒಡೆದ ಮೆಟ್ಟಿಲನ್ನು ಎಣಿಸಿ ಎಚ್ಚರದಿಂದ ದಾಟಿದರು; ಯಾರೂ ಕೆಮ್ಮಲಿಲ್ಲ. ಒಳಗೆ ಐದನೆಯ ಹೆಜ್ಜೆಗೆ ಯಾರದೋ ಚೀಲ ತೊಡರಿ ಮುಗ್ಗರಿಸಿದರು. ಮಕ್ಕಳು ನಕ್ಕರು. ಅದರಲ್ಲಿ ಕೆಡುಕಿರಲಿಲ್ಲ, ದೊಡ್ಡವರು ಎಡವಿದರೆ ಮಕ್ಕಳು ನಗುತ್ತವೆ. ಸೀಮೆಸುಣ್ಣಕ್ಕಾಗಿ ಅವರು ಇಡೀ ಮೇಜು ತಡಕಾಡುತ್ತಿದ್ದಾಗ ಯಾರೋ ಬಂದು ಎದುರಿಗೆ ನಿಂತು, ಏನೋ ಚಾಚಿ ಹಿಡಿದು, ಸುಮ್ಮನೆ ಉಸಿರಾಡುತ್ತಿದ್ದರು.

"ಯಾರದು?"

"ಹುಲಿಗೆಮ್ಮರೀ. ಸುಣ್ಣದಕಡ್ಡಿ ಹಿಡ್ಕೊಂಡು ನಿಂತೀನಲ್ರಿ." ಹುಡುಗಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಯಾಕ್ರಿ ಟೀಚರ್, ಕಾಣಂಗಿಲ್ಲೇನ್ರಿ?"

"ಕಾಣ್ತದವ್ವಾ," ಎಂದು ಪಂಪಾವತಿ ಕೈ ಚಾಚಿ, ತಡವಿ, ಸುಣ್ಣದಕಡ್ಡಿ ತೆಗೆದುಕೊಂಡರು. "ಯಾಕ ಕಾಣಂಗಿಲ್ಲ? ಹೋಗು, ಕೂಡು."

ಅವರು ಗೋಡೆಯ ಕಡೆ ತಿರುಗಿ ಒಂಬತ್ತರ ಮಗ್ಗಿ ಬರೆದರು. ರಜೆಗೆ ಮೊದಲು ಬರೆದ ಎಂಟರ ಮಗ್ಗಿ ಬೋರ್ಡಿನ ಮೇಲೆ ಹಾಗೇ ಇತ್ತು. ಅಂಕಿಯ ಮೇಲೆ ಅಂಕಿ ಕೂತು ಒಂದೂ ತಿಳಿಯದಂತಾಯಿತು. ಯಾರೂ ಗಟ್ಟಿಯಾಗಿ ಓದಲಿಲ್ಲ. ಟೀಚರ್ ಬರೆದದ್ದು ಸರಿಯೇ ಇರುತ್ತದೆಂದು ಹತ್ತೊಂಬತ್ತು ಮಕ್ಕಳೂ ತಲೆ ತಗ್ಗಿಸಿ, ಬಲು ಶ್ರದ್ಧೆಯಿಂದ, ಅದನ್ನು ಇದ್ದ ಹಾಗೆಯೇ ಬರೆದುಕೊಳ್ಳತೊಡಗಿದರು.