ತೂತಿಲ್ಲದ ಬಂಪರ್, ನಿಲ್ಲದ ನಂಬರ್ ಪ್ಲೇಟು

"ನಿಲ್ಲಿಸ್ರೀ! ತೂತು ಹಾಕ್ಬೇಡಿ!"

ಡ್ರಿಲ್ಲಿಂಗ್ ಮೆಷಿನ್ನಿನ ತುದಿ ಇನ್ನೇನು ಬಂಪರ್‌ಗೆ ತಾಗಬೇಕು, ಅಷ್ಟರಲ್ಲಿ ಒಂದು ಅಂಗೈ ಅಡ್ಡ ಬಂದಿತ್ತು. ಅವಳು ಗಾಬರಿಯಿಂದ ಮೆಷಿನ್ ಹಿಂದಕ್ಕೆಳೆದಳು. ಒಂದು ಕ್ಷಣ ತಡವಾಗಿದ್ದರೆ ನಂಬರ್ ಪ್ಲೇಟನ್ನು ಆ ಕೈಗೇ ಕೂರಿಸಬೇಕಾಗುತ್ತಿತ್ತು!

"ತಲೆ ನೆಟ್ಟಗಿದೆಯೇನ್ರೀ? ಓಡ್ತಿರೋ ಮೆಷಿನ್ ಮುಂದೆ ಯಾರಾದ್ರೂ ಕೈ ಇಡ್ತಾರಾ?"

"ಕೈಗೆ ಗಾಯ ಆದ್ರೆ ಮಾಯುತ್ತೆ. ಬಂಪರ್ ಮಾಯಲ್ವಲ್ಲ..."

ಅವಳು ತಲೆಯೆತ್ತಿ ನೋಡಿದಳು. ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವವನು. ಜಾರಿದ ತನ್ನ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ, ತಪ್ಪು ಮಾಡಿದ ಮಗುವಿನ ಹಾಗೆ ನಿಂತಿದ್ದ. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದು ಸಿಟ್ಟಿಗೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೆ ಆಯಿತೇ?

ಹಿಂದಿನ ವಾರ ಯಾರೋ ಗುದ್ದಿ ಅವನ ಕಾರಿನ ಬಂಪರ್ ಒಡೆದಿತ್ತು. ಇದು ಹೊಸದು, ಒಂದು ಗೀರೂ ಇಲ್ಲ. ಮುಂದಿನ ನಂಬರ್ ಪ್ಲೇಟು ಬೇಕೇ ಬೇಕು, ಆದರೆ ತೂತು ಬೀಳಬಾರದು!

"ಆಗುತ್ತೆ ಬಿಡಿ," ಎಂದಳು ಗತ್ತಿನಿಂದ.

ಬಂಪರ್‌ನ ಬಲಗಡೆಯ ಚಿಕ್ಕ ಮುಚ್ಚಳ ತೆಗೆದಳು. ಕೆಟ್ಟು ನಿಂತ ಕಾರನ್ನು ಎಳೆಯಲು ಕೊಂಡಿ ಹಾಕುತ್ತಾರಲ್ಲ, ಅದರ ತಿರುಪಿನ ಕಿಂಡಿ ಅಲ್ಲಿತ್ತು. ಅದಕ್ಕೊಂದು ಕಬ್ಬಿಣದ ಕಡ್ಡಿ ತಿರುಗಿಸಿ, ಕಡ್ಡಿಗೊಂದು ಪಟ್ಟಿ ಬಿಗಿದು, ಪಟ್ಟಿಗೆ ಪ್ಲೇಟು ಕೂರಿಸಿದಳು. ಬಂಪರ್‌ಗೆ ಉಗುರಿನ ಗುರುತೂ ಬೀಳಲಿಲ್ಲ. ಪ್ಲೇಟು ನಡುವೆ ಇರದೆ ಬಲಕ್ಕೆ ಸರಿದು ಕೂತಿತು ಅನ್ನುವುದೊಂದನ್ನು ಬಿಟ್ಟರೆ ಕೆಲಸದಲ್ಲಿ ಹುಳುಕು ಹುಡುಕುವಂತಿರಲಿಲ್ಲ.

"ನಿಮ್ಮ ಕೈಯಲ್ಲಿ ಏನೋ ಇದೆ ರೀ," ಎಂದು ಅವನು ಬೆರಗಿನಿಂದ ಹೇಳಿದ.

"ಹೌದು, ಸ್ಪ್ಯಾನರ್ ಇದೆ," ಎಂದಳು ಅವಳು. ಮುಖ ಮಾತ್ರ ಕೆಂಪಾಗಿತ್ತು.

ಆ ಸ್ಪ್ಯಾನರ್ ಅವಳ ಕೈಗೆ ಸುಮ್ಮನೆ ಬಂದದ್ದಲ್ಲ. ಕಾರಿಗೆ ಬಿಡಿಭಾಗ ಕೂರಿಸುವ ಈ ಅಂಗಡಿ ಅವಳ ಸೋದರಮಾವನದು. ಮೂರು ವರ್ಷ ಕೌಂಟರಿನಲ್ಲಿ ಬಿಲ್ ಹರಿದು, ಕಾಡಿಬೇಡಿ, ಎರಡು ತಿಂಗಳ ಹಿಂದಷ್ಟೇ ಕೆಲಸದ ಜಾಗಕ್ಕೆ ಇಳಿದಿದ್ದಳು. ಮಾವ ಒಪ್ಪಿದ್ದೂ ಷರತ್ತಿನ ಮೇಲೆಯೇ. "ಒಂದೇ ಕೆಲಸಕ್ಕೆ ಮೂರು ಸಲ ದೂರು ಬಂತೋ, ಪುಟ್ಟಿ, ಮತ್ತೆ ಕೌಂಟರು. ಅತ್ತರೂ ಕೇಳಲ್ಲ."

ಪ್ಲೇಟು ಕೂರಿಸಿದ ನಾಲ್ಕನೆಯ ದಿನ ಕನ್ನಡಕದವನು ಮತ್ತೆ ಬಂದ. ಪ್ಲೇಟು ಸೊಟ್ಟಗಾಗಿ ಗಡಗಡ ಅಲುಗುತ್ತಿತ್ತು!

"ಅದು ಹೇಗೆ...? ನಾನೇ ಬಿಗಿ ಮಾಡಿದ್ದೆ..."

"ನನಗೂ ಅರ್ಥ ಆಗ್ತಿಲ್ಲ ರೀ. ಬೆಳಿಗ್ಗೆ ನೋಡಿದ್ರೆ ಹೀಗಿತ್ತು."

ಮತ್ತೆ ಬಿಗಿದಳು. ವಾರಕ್ಕೆ ಸರಿಯಾಗಿ ಮತ್ತೆ ಅವನು, ಮತ್ತೆ ಗಡಗಡ! ಅವಳ ತಲೆ ಕೆಟ್ಟು ಕೆರ ಹಿಡಿಯಿತು. ಈ ಸಲ ಬಿಗಿ ಮಾಡಿ, ನಟ್ಟಿಗೂ ಪಟ್ಟಿಗೂ ಸೇರಿಸಿ ಹಳದಿ ಬಣ್ಣದ ಒಂದು ಗೀಟು ಎಳೆದಳು. ನಟ್ಟು ತಿರುಗಿದರೆ ಗೀಟು ಮುರಿಯುತ್ತದೆ, ಗುಟ್ಟು ಬಯಲಾಗುತ್ತದೆ.

ಆದರೆ ಮನಸ್ಸಿಗೆ ಗೀಟು ಎಳೆಯುವುದು ಹೇಗೆ? ಅವನು ಬಂದರೆ 'ಅಯ್ಯೋ, ಮತ್ತೆ ದೂರು!' ಅನ್ನಿಸುತ್ತಿತ್ತು. ಬಾರದಿದ್ದರೆ ಕಣ್ಣು ರಸ್ತೆಯನ್ನೇ ಹುಡುಕುತ್ತಿತ್ತು. ಬರಬೇಕೋ, ಬರಬಾರದೋ? ಏನು ಬೇಡಿಕೊಳ್ಳಬೇಕೆಂದೇ ತಿಳಿಯದೆ ಒದ್ದಾಡಿದಳು.

ಮೂರನೆಯ ಸಲವೂ ಅವನು ಬಂದ. ದುರದೃಷ್ಟ, ಮಾವ ಎದುರಿಗೇ ಇದ್ದರು.

ಅವಳು ಬಗ್ಗಿ ನೋಡಿದಳು. ಹಳದಿ ಗೀಟು ಎರಡಾಗಿತ್ತು! ನಟ್ಟಿನ ಮೂಲೆಗಳು ಯಾವುದೋ ಇಕ್ಕಳಕ್ಕೆ ಸಿಕ್ಕಿ ಸವೆದಿದ್ದವು.

"ಮಾವ, ಇದು ತಾನಾಗಿ ಸಡಿಲ ಆಗಿದ್ದಲ್ಲ. ಯಾರೋ ತಿರುಗಿಸಿದ್ದಾರೆ!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಮಾವ. "ಸಾಕು ಪುಟ್ಟಿ. ಸ್ಪ್ಯಾನರ್ ಅಲ್ಲಿಡು, ಕೌಂಟರ್‌ಗೆ ನಡಿ."

ಅವಳ ಕಣ್ಣು ತುಂಬಿತು. ಕೈ ಮಾತ್ರ ಸ್ಪ್ಯಾನರನ್ನು ಬಿಡಲಿಲ್ಲ.

"ಅವರದ್ದೇನೂ ತಪ್ಪಿಲ್ಲ ಸಾರ್!" ಕನ್ನಡಕದವನು ತಡಬಡಾಯಿಸಿದ. "ನಾನೇ... ನಾನೇ ಸಡಿಲ ಮಾಡಿದ್ದು. ಮೂರು ಸಲಾನೂ."

ಮಾವ ಇಬ್ಬರ ಮುಖವನ್ನೂ ನೋಡಿ, ಏನನ್ನೋ ಗೊಣಗಿಕೊಂಡು ಒಳಗೆ ಹೋದರು.

ಅವಳು ಅವನ ಕಡೆ ತಿರುಗಿದಳು. ಇವನೇ? ಇಷ್ಟು ದಿನ ನಾನು ಕಾದದ್ದು ಇವನನ್ನೇ?

"ಯಾಕೆ? ಬಂದು ನನ್ನನ್ನ ನೋಡೋಕಾ? ನಿಮಗೆ ಅದು ಆಟ. ನನಗೆ ಇದು ಬದುಕು ಕಣ್ರೀ! ಮೂರು ವರ್ಷ ಕಾದು ಪಡೆದದ್ದನ್ನ ಇಕ್ಕಳ ಹಿಡಿದು ಕಿತ್ಕೊಳ್ಳೋಕೆ ಬಂದ್ರಲ್ಲ..."

ಏನೋ ಹೇಳಲು ಹೊರಟವನು ಒಳಗಿದ್ದ ಮಾವನ ಕಡೆ ನೋಡಿ ಕನ್ನಡಕ ಸರಿಮಾಡಿಕೊಂಡ.

"ಕ್ಷಮಿಸಿ. ಇನ್ನು ಬರಲ್ಲ."

ಪ್ಲೇಟನ್ನು ಕಾರಿನೊಳಗೆ ಹಾಕಿಕೊಂಡು ಹೊರಟೇಹೋದ. ಸ್ಪ್ಯಾನರ್ ಅವಳಲ್ಲೇ ಉಳಿಯಿತು. ಆದರೆ ಅದನ್ನು ಹಿಡಿದಾಗ ಮೊದಲಿನ ಖುಷಿ ಇರಲಿಲ್ಲ. ಅವನನ್ನು ದ್ವೇಷಿಸಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಆಗುತ್ತಿರಲಿಲ್ಲ. ಇದೆಂಥ ಹುಚ್ಚು ಮನಸ್ಸಪ್ಪಾ!

ಮೂರನೆಯ ದಿನ ಬೆಳಿಗ್ಗೆ ಒಬ್ಬ ಹಿರಿಯರು ಅಂಗಡಿಗೆ ಬಂದರು. ಕಂಕುಳಲ್ಲಿ ಅದೇ ನಂಬರ್ ಪ್ಲೇಟು. ಜೇಬಿನಿಂದ ಇಕ್ಕಳ ಇಣುಕುತ್ತಿತ್ತು!

"ಇದನ್ನ ಕೂರಿಸಿದ್ದು ನೀನೇನಮ್ಮಾ? ನಾನು ಕನ್ನಡಕದ ಅಂಗಡಿಯವನ ತಂದೆ."

"ಹೌದು... ಏನಾಯ್ತು?"

"ಏನಾಗೋದು? ಒಂದು ಪಕ್ಕಕ್ಕಿದೆಯಲ್ಲ ತಾಯಿ! ಮೂವತ್ತೆಂಟು ವರ್ಷ ಫೋಟೋಗೆ ಕಟ್ಟು ಹಾಕಿದವನು ನಾನು. ಎಷ್ಟು ಮನೆ ಗೋಡೆ ಮೇಲೆ ಮಟ್ಟಸವಾಗಿ ತೂಗುಹಾಕಿದ್ದೀನಿ! ಬೆಳಿಗ್ಗೆದ್ದು ಈ ಪ್ಲೇಟು ನೋಡಿದ್ರೆ ತಿಂದದ್ದು ಮೈಗೆ ಹತ್ತಲ್ಲ. ಅದಕ್ಕೇ ಮಗ ಸ್ನಾನಕ್ಕೆ ಹೋದಾಗ ಸ್ವಲ್ಪ ಮಧ್ಯಕ್ಕೆ ಎಳೀತಿದ್ದೆ..."

ಅವಳ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ಅಂದ್ರೆ... ಸಡಿಲ ಮಾಡ್ತಿದ್ದದ್ದು ನೀವಾ? ಅವರಲ್ವಾ?"

"ಅವನಿಗೆಲ್ಲಿ ಗೊತ್ತು! ನಿನ್ನೆ ಊಟಾನೂ ಮಾಡದೆ ಕೂತಿದ್ದ. ಕೆದಕಿ ಕೇಳಿದ್ಮೇಲೆ ಬಾಯಿ ಬಿಟ್ಟ. 'ಒಬ್ಬರ ಕೆಲಸ ಹೋಗ್ತಿತ್ತಪ್ಪ, ನಾನೇ ಮಾಡಿದ್ದು ಅಂತ ಸುಳ್ಳು ಹೇಳ್ಬಿಟ್ಟೆ' ಅಂದ. ನನ್ನ ಜೀವ ಚುರ್ ಅಂತು ಮಗಳೇ."

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ಮಾವ ಹೊರಬಂದರು.

"ಪ್ಲೇಟು ಪಕ್ಕಕ್ಕೆ ಕೂರುತ್ತೆ ಅಂತ ಗಿರಾಕಿಗೆ ಮೊದಲೇ ಹೇಳಿದ್ಯಾ?"

"ಇಲ್ಲ ಮಾವ. ಅದು ನನ್ನ ತಪ್ಪೇ."

"ಹ್ಞೂಂ. ಹಾಗಾದ್ರೆ ಹೋಗಿ ಮಧ್ಯದಲ್ಲೇ ಕೂರಿಸಿ ಬಾ. ಕುಣಿಯೋಕೆ ಬರುತ್ತೆ ಬಿಡು ನಿನಗೆ." ಮಾವನ ಮೀಸೆಯಡಿ ನಗು ಇತ್ತು.

ಕಾರು ಕನ್ನಡಕದ ಅಂಗಡಿಯ ಮುಂದೆಯೇ ನಿಂತಿತ್ತು. ಅವಳು ಬಂಪರ್ ನಡುವಿನ ಗಾಳಿಕಿಂಡಿಯ ಜಾಲರಿಗೆ, ಗೀರು ಬೀಳದಂತೆ ರಬ್ಬರ್ ಸುತ್ತಿದ ಹಿಡಿಕೆಗಳನ್ನು ಹಿಂದಿನಿಂದ ಸಿಕ್ಕಿಸಿದಳು. ಹಿರಿಯರು ಟೇಪು ಹಿಡಿದು ಎಡದಿಂದ ಅಳೆದರು, ಬಲದಿಂದ ಅಳೆದರು, ರಸ್ತೆಯಾಚೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು. "ಕೂದಲೆಳೆ ಎಡಕ್ಕೆ... ಹಾಂ! ಈಗ ಜೀವಕ್ಕೆ ಹಾಯಾಯ್ತು."

ತಲೆಯೆತ್ತಿದರೆ ಅಂಗಡಿಯ ಬಾಗಿಲಲ್ಲಿ ಅವನು! ಹಿರಿಯರು ಇಬ್ಬರನ್ನೂ ನೋಡಿ, ಇದ್ದಕ್ಕಿದ್ದಂತೆ ಏನೋ ಕೆಲಸ ನೆನಪಾದವರ ಹಾಗೆ ಒಳಗೆ ನಡೆದರು.

"ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ ಅವತ್ತು," ಎಂದಳು. "ನಾನು ಮಾಡಿಲ್ಲ ಅಂತ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ನಿಮ್ಮ ಮಾವ ಮತ್ತೆ ನಿಮ್ಮ ಕೈಯಿಂದ ಸ್ಪ್ಯಾನರ್ ಕಸ್ಕೊಳ್ತಿದ್ರು."

"ನನ್ನ ಕೆಲಸವೇ ಸರಿಯಿಲ್ಲ ಅಂತ ಅನ್ನಿಸ್ಲಿಲ್ವಾ? ಒಂದು ಸಲಾನೂ?"

"ಯಾರು ಸಡಿಲ ಮಾಡ್ತಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಆದ್ರೆ ತಪ್ಪು ನಿಮ್ಮದಲ್ಲ ಅನ್ನೋದು ಗೊತ್ತಿತ್ತು."

ಅವಳ ಕಣ್ಣೀರು ಕೆನ್ನೆಗಿಳಿಯಿತು. ಇಷ್ಟು ದಿನದ ಗೊಂದಲದಲ್ಲಿ ಇದೊಂದು ಮಾತು ಮಾತ್ರ ಸ್ಪಷ್ಟವಾಗಿತ್ತು. ತನ್ನ ಕೆಲಸವನ್ನು ತನಗಿಂತ ಹೆಚ್ಚು ನಂಬಿದವನು ಎದುರಿಗೆ ನಿಂತಿದ್ದ.

"ಇನ್ನೊಂದು ನಿಜ ಹೇಳ್ಲಾ?" ಅವನ ದನಿ ತಗ್ಗಿತು. "ಪ್ಲೇಟು ಸಡಿಲ ಆದಾಗಲೆಲ್ಲ ನಾನು ಬೇಜಾರು ಮಾಡ್ಕೋಬೇಕಿತ್ತು. ಆದ್ರೆ ಖುಷಿ ಆಗ್ತಿತ್ತು. ನಿಮ್ಮನ್ನ ಕಂಡ್ರೆ ನನಗೆ ತುಂಬ ಇಷ್ಟ ರೀ..."

ಅವಳು ಕೈಗಂಟಿದ ಮಸಿಯನ್ನು ಮರೆತು ಕಣ್ಣೊರೆಸಿಕೊಂಡಳು.

"ನೀವು ಬರದ ಮೂರು ದಿನ ಅಂಗಡಿ ಮುಂದೆ ಹೋಗೋ ಕಾರನ್ನೆಲ್ಲ ಬಗ್ಗಿ ಬಗ್ಗಿ ನೋಡ್ತಿದ್ದೆ. ಇದಕ್ಕೆ ಏನಂತಾರೋ ನನಗೆ ಗೊತ್ತಿಲ್ಲ..."

"ನನಗೆ ಗೊತ್ತು. ನಾಳೆ ಬಂದು ಹೇಳ್ಲಾ?"

"ನಾಳೆ ಅಂಗಡಿ ರಜ."

ಅವನ ಮುಖ ಬಾಡಿತು.

"ಅಂಗಡಿಗೆ ರಜ ಅಂದ್ರೆ ನನಗೂ ರಜ," ಎಂದಳು ಅವಳು ತಲೆ ತಗ್ಗಿಸಿ. "ಬನ್ನಿ... ಬಂದೇ ಬನ್ನಿ."