ಒಂದೂವರೆ ನಂಬರಿನ ಹುಡುಗಿ

ಮುನಿಸು ಬಂದರೆ ಕೆಲವು ಗಂಡಸರಿಗೆ ಅದನ್ನು ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲ, ಮುಖದ ಮೇಲೇ ಇಟ್ಟುಕೊಂಡು ಓಡಾಡುತ್ತಾರೆ. ಕಿರಣ್‌ಕುಮಾರ್ ಅಂಥವನು. ಕಟ್ಟೆಮಳಲವಾಡಿಯ ನೀಲಕಂಠಸ್ವಾಮಿಯವರ ಶೆಡ್ಡಿನಿಂದ ಹೊಗೆಸೊಪ್ಪಿನ ಕಟ್ಟುಗಳಾದ ಬೇಲುಗಳನ್ನು ತನ್ನ ಟೆಂಪೋದಲ್ಲಿ ಹರಾಜಿಗೆ ಸಾಗಿಸಲು ಗುರುಪುರದಿಂದ ಬಂದವನು, ಒಂದು ಬೇಲನ್ನೂ ಮುಟ್ಟದೆ ಬಾಗಿಲಿಗೆ ಒರಗಿ ನಿಂತಿದ್ದ.

ಒಳಗೆ ಎಲೆ ವಿಂಗಡಿಸುತ್ತಿದ್ದ ಸುಕನ್ಯ ತಲೆ ಎತ್ತಲಿಲ್ಲ. ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡು, ಎಲೆಯನ್ನು ಬರಿಗಣ್ಣಿನ ಹತ್ತಿರ ಹಿಡಿದು, ನಿಂಬೆ ಬಣ್ಣದ್ದು ಇತ್ತ, ಕಿತ್ತಳೆ ಬಣ್ಣದ್ದು ಅತ್ತ, ಚುಕ್ಕೆ ಬಿದ್ದದ್ದು ಹಿಂದಕ್ಕೆ ಎಂದು ಬಿಡಿಸಿ ಹಾಕುತ್ತಿದ್ದಳು. ಅವಳ ಕಣ್ಣು ತಪ್ಪಿಸಿಕೊಂಡು ಹೋದ ಚುಕ್ಕೆ ಇಲ್ಲ ಎಂದು ಆ ಶೆಡ್ಡಿನಲ್ಲಿ ಮಾತಿತ್ತು.

"ನಿನ್ನೆ ಹುಣಸೂರು ಬಸ್‌ಸ್ಟ್ಯಾಂಡಲ್ಲಿ ಕೈ ಬೀಸ್ದೆ. ಕಾಣ್ಲಿಲ್ವೋ, ಕಂಡೂ ಬೇಡ ಅಂದ್ಕಂಡ್ರೋ?" ಎಂದ ಕಿರಣ್.

"ಅದು ನೀವಾ? ಯಾರೋ ಪಿರಿಯಾಪಟ್ಣದ ಬಸ್ಸಿಗೆ ಜನ ಕರೀತಾವ್ರೆ ಅನ್ಕಂಡೆ."

ಸುತ್ತ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ಕನ್ನಡಕ ಹಾಕಿರ್ಲಿಲ್ಲ ಕಣ್ರೀ," ಎಂದಳು ಸುಕನ್ಯ ದನಿ ತಗ್ಗಿಸಿ. "ಭಾನುವಾರ ನಿಮ್ಮೋರು ಎಣ್ಣು ನೋಡಕ್ಕೆ ಬತ್ತಾರಲ್ಲ, ಅಲ್ಲೀಗಂಟ ಗುರುಪುರದೋರ ಕಣ್ಣಿಗೆ ಇದು ಬೀಳ್ಬಾರ್ದು ಅಂತ ದೊಡ್ಡವ್ವ ಕಿತ್ತಿಟ್ಕಂಡಿತ್ತು. ಇವತ್ತು ಕದ್ಕಂಡು ಬಂದೆ."

ಹಾಗೆಂದವಳು ಕನ್ನಡಕವನ್ನು ಮೂಗಿನ ಮೇಲೆ ಇಳಿಸಿ ಅವನನ್ನು ನೋಡಿದಳು. ಎರಡು ದಿನದ ಗಡ್ಡ, ಎಡಗೆನ್ನೆಯ ಗುಳಿ, ಅಂಗಿಯ ಎರಡನೇ ಗುಂಡಿಗೆ ಬೇರೆ ಬಣ್ಣದ ದಾರ. ಒಂದನ್ನೂ ಬಿಡದೆ ನೋಡಿದಳು.

"ಅಷ್ಟೊತ್ತು ಏನು ನೋಡ್ತೀರಿ?"

"ಗ್ರೇಡ್ ಮಾಡ್ತಿದೀನಿ."

"ಯಾವ ಗ್ರೇಡು?"

"ಇನ್ನೊಂಚೂರು ಬೇಯ್ಬೇಕು," ಎಂದು ಮತ್ತೆ ಎಲೆಗೆ ಬಗ್ಗಿದಳು. ಅವನ ಮುನಿಸು ಅಲ್ಲೇ ಬೆಂದುಹೋಯಿತು.

ಭಾನುವಾರ ಕಿರಣನ ತಾಯಿ ಚಿಕ್ಕಬಸಮ್ಮ ಅವನನ್ನೂ ಸೇರಿಸಿ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ತಾಯಿಯಿಲ್ಲದ ಸುಕನ್ಯಳನ್ನು ಸಾಕಿದ ದೊಡ್ಡವ್ವ ಪುಟ್ಟಮಾದಮ್ಮ ಕನ್ನಡಕವನ್ನು ರಾಗಿ ಮಡಕೆಯೊಳಗೆ ಅಡಗಿಸಿಟ್ಟಿದ್ದಳು. ಆದರೆ ಕನ್ನಡಕದ ಸುದ್ದಿ ಮಡಕೆಯಲ್ಲಿ ಕೂರುತ್ತದೆಯೇ? ಅದು ಆಗಲೇ ಗುರುಪುರ ಮುಟ್ಟಿತ್ತು.

ಕಾಫಿ ಕುಡಿದ ಚಿಕ್ಕಬಸಮ್ಮ ಎಲೆ ಅಡಿಕೆ ಚೀಲದಿಂದ ಸೂಜಿಯನ್ನೂ ದಾರವನ್ನೂ ತೆಗೆದು ಮುಂದೆ ಹಿಡಿದರು. "ಪೋಣ್ಸವ್ವ, ನೋಡಾನ."

ಪುಟ್ಟಮಾದಮ್ಮ ರಾಗಿ ಮಡಕೆಯ ಕಡೆ ಕಣ್ಣು ಹಾಯಿಸಿದಳು. ಸುಕನ್ಯ ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು.

"ಅಯ್ಯೋ ಸಿವನೆ! ಕಣ್ಣು ಚಿನ್ನದಂಗವೆ! ಮತ್ಯಾಕವ್ವ ಕನ್ನಡಕ? ಸೋಕಿಗಾ?"

"ಅಂಗಲ್ಲ, ಹತ್ರದ್ದು ಕಾಣ್ತದೆ, ದೂರದ್ದು..."

ಕೇಳುವವರಾರು? ಆ ಸೀಮೆಯಲ್ಲಿ ಕನ್ನಡಕವೆಂದರೆ ಸೂಜಿ ಪೋಣಿಸಲಾಗದ ವಯಸ್ಸಿನ ಗುರುತು. ಪೋಣಿಸಬಲ್ಲವಳು ಹಾಕಿಕೊಂಡರೆ ಅದು ಶೋಕಿ. ಎರಡರ ನಡುವೆ ಮೂರನೆಯದೊಂದು ಇದೆಯೆಂದು ಯಾರ ತಲೆಗೂ ಹೊಳೆಯಲಿಲ್ಲ.

"ಎಣ್ಣು ಒಪ್ಪಿಗೆ," ಎಂದರು ಚಿಕ್ಕಬಸಮ್ಮ. "ಆದ್ರೆ ಧಾರೆ ಒತ್ನಾಗೆ ಮೂಗಿನ್ಮೇಲೆ ಅದು ಇರಬಾರ್ದು. ಆಮೇಲೂ ಬ್ಯಾಡ. ಅದುಕ್ಕೊಪ್ಪಿದ್ರೆ ಲಗ್ನಪತ್ರಿಕೆ."

ಹೊರಡುವಾಗ ಕಿರಣ್ ಹಿತ್ತಿಲ ಬಾಗಿಲಲ್ಲಿ ಸುಕನ್ಯಳನ್ನು ತಡೆದ. "ಮೈಸೂರಲ್ಲಿ ಕಣ್ಣಿಗೆ ಲೇಸರ್ ಅಂತ ಮಾಡ್ತಾರಂತೆ. ಹತ್ತೇ ನಿಮಿಷ. ಆಮೇಲೆ ಕನ್ನಡಕವೇ ಬೇಡ್ವಂತೆ."

ಸುಕನ್ಯಳಿಗೆ ಚುರುಕ್ಕೆಂದಿತು. "ನಿಮ್ಗೂ ಬೇಡ್ವಾ ಇದು?"

ಅವನು ಬಾಯಿ ತೆರೆಯುವಷ್ಟರಲ್ಲಿ ತಾಯಿ ಕೂಗಿದರು. ಹೋದ.

ಒಂದು ವಾರ ಸುಕನ್ಯ ಯೋಚಿಸಿದಳು. ಅವಳಿಗೇನೂ ಲೇಸರಿನ ಮೇಲೆ ದ್ವೇಷವಿರಲಿಲ್ಲ. ಕನ್ನಡಕ ಬೆವರಿಗೆ ಜಾರುತ್ತದೆ, ಸೊಪ್ಪಿನ ಧೂಳಿಗೆ ಮಬ್ಬಾಗುತ್ತದೆ. ಇಲ್ಲದೆ ಇರುವುದು ಸುಖವೇ. ಆದರೆ ತನ್ನ ಮುಖವನ್ನು ಇದ್ದ ಹಾಗೆಯೇ ಅವನು ಮೆಚ್ಚಲಿಲ್ಲವೇ ಎಂಬ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು. ಕಡೆಗೆ, ಕಣ್ಣು ನನ್ನದು, ಕೇಳಿಕೊಂಡು ಬರುವುದರಲ್ಲಿ ತಪ್ಪೇನು ಎಂದು ದೊಡ್ಡವ್ವನನ್ನು ಹೊರಡಿಸಿದಳು. ಕರೆದುಕೊಂಡು ಹೋಗಲು ಕಿರಣನೇ ಟೆಂಪೋ ತಂದ. ಸೀಟಿನ ನಡುವೆ ಪುಟ್ಟಮಾದಮ್ಮ ಗೋಡೆಯಂತೆ ಕೂತಳು.

ಮೈಸೂರಿನ ಡಾಕ್ಟರಮ್ಮ ಯಂತ್ರದ ಮುಂದೆ ಕೂರಿಸಿ, ಹನಿ ಹಾಕಿ, ಎಲ್ಲ ನೋಡಿದರು.

"ಒಂದೂವರೆ ನಂಬರ್, ಎರಡು ವರ್ಷದಿಂದ ಬದಲಾಗಿಲ್ಲ. ಲೇಸರ್ ಮಾಡಬಹುದು. ಮಾಡಲೇಬೇಕು ಅಂತೇನಿಲ್ಲ. ಏನು ಕೆಲಸ ನಿಮ್ಮದು?"

ಸುಕನ್ಯ ಹೇಳಿದಳು. ಎಲೆ ನೋಡುವಾಗ ಕನ್ನಡಕ ತೆಗೆಯುವುದನ್ನೂ ಹೇಳಿದಳು.

"ಹಾಗಾದ್ರೆ ಇದನ್ನ ತಿಳ್ಕೊಳ್ಳಿ. ನಲವತ್ತು ದಾಟಿದ ಮೇಲೆ ಸಾಮಾನ್ಯವಾಗಿ ಎಲ್ಲರಿಗೂ ಹತ್ತಿರದ್ದು ಮಸುಕಾಗತ್ತೆ. ಈ ನಂಬರ್ ಹೀಗೇ ಇದ್ರೆ ಆಗಲೂ ನೀವು ಕನ್ನಡಕ ತೆಗೆದು ಎಲೆ ನೋಡಬಹುದು. ಲೇಸರ್ ಮಾಡಿಸಿದ್ರೆ ದೂರಕ್ಕೆ ಕನ್ನಡಕ ಬೇಡ, ಆದರೆ ಆ ವಯಸ್ಸಿಗೆ ಹತ್ತಿರಕ್ಕೆ ಬೇಕಾಗತ್ತೆ. ಕೆಲವರಿಗೆ ಕಣ್ಣು ಒಣಗೋದೂ ಉಂಟು. ಆತುರ ಏನಿಲ್ಲ." ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಾರಿಗೋಸ್ಕರ ಮಾಡಿಸ್ತಿದೀರಿ?"

ಸುಕನ್ಯ ಎದ್ದಳು. "ಒಂದ್ನಿಮಿಷ ಡಾಕ್ಟ್ರೇ. ಅದನ್ನೇ ಕೇಳ್ಕಂಡು ಬತ್ತೀನಿ."

ಹೊರಗೆ ಬಿಸಿಲು ಹನಿ ಹಾಕಿದ ಕಣ್ಣಿಗೆ ಸೂಜಿಯಂತೆ ಚುಚ್ಚಿತು. ಟೆಂಪೋ ಪಕ್ಕ ನಿಂತಿದ್ದ ಕಿರಣ್ ಓಡಿಬಂದು, ಮುಟ್ಟಲೋ ಬೇಡವೋ ಎಂದು ತಡವರಿಸಿ, ತನ್ನ ಎರಡೂ ಅಂಗೈಗಳನ್ನು ಅವಳ ಹಣೆಯ ಮೇಲೆ ಚಪ್ಪರದಂತೆ ಹಿಡಿದ.

ಆ ನೆರಳಲ್ಲಿ ನಿಂತು ಕೇಳಿದಳು. "ಲೇಸರ್ ಯಾಕಂದ್ರಿ? ನಿಮ್ಮವ್ವಂಗೋಸ್ಕರಾನಾ, ಕನ್ನಡಕ ಚೆನ್ನಾಗಿಲ್ಲ ಅಂತಾನಾ?"

"ಆವತ್ತು ಬಸ್‌ಸ್ಟ್ಯಾಂಡಲ್ಲಿ ಮಡಿಕೇರಿ ಬಸ್ಸು ರಿವರ್ಸ್ ಬತ್ತಿತ್ತು. ನೀನು ನೋಡ್ದಂಗೆ ಅಡ್ಡ ಓದೆ. ನಾನು ಕೈ ಬೀಸಿದ್ದು ಅದುಕ್ಕೆ. ಎದೆ ಇನ್ನೂ ಒಡ್ಕತ್ತಾ ಅದೆ. ಏಳಕ್ಕೆ ನಾಚ್ಕೆ ಆಗಿ ಮುನಿಸ್ಕಂಡಂಗೆ ಆಡ್ದೆ."

ಸುಕನ್ಯ ಕಣ್ಣು ಕಿರಿದು ಮಾಡಿ ಅವನ ಮುಖ ನೋಡಿದಳು.

"ಅವ್ವ ಕನ್ನಡಕ ತೆಗೆಸೇ ತೆಗೆಸ್ತದೆ ಅಂದ್ಮೇಲೆ, ಕಣ್ಣಾದ್ರೂ ಸರಿಯಾಗ್ಲಿ ಅಂದ್ಕಂಡೆ. ನಮ್ಮನೇಗೆ ಬಂದು ನೀನು ತಡವ್ಕಂಡು ಓಡಾಡಬಾರ್ದು."

"ಮತ್ತೆ ಕನ್ನಡಕ?"

"ನೀಲಕಂಠಸ್ವಾಮೋರ ಬೇಲು ವಾರಕ್ಕೊಂದು ಟ್ರಿಪ್ಪು ಅಷ್ಟೆ ಕಣೆ," ಎಂದ ಅವನು, ಕೆಂಪೇರುತ್ತಾ. "ನಾನು ಮೂರು ಸಲ ಬತ್ತೀನಿ. ನೀನು ಅದನ್ನ ಮೂಗಿನ್ಮೇಲೆ ಇಳಿಸಿ ಒಂದ್ಸಲ ನೋಡ್ತೀಯಲ್ಲ, ಅದುಕ್ಕೆ."

ಸುಕನ್ಯಳ ಕಣ್ಣಲ್ಲಿ ನೀರು ತುಂಬಿತು. ಹನಿಯ ಮದ್ದು ಎಂದುಕೊಂಡಳು. ಒಳಗೆ ಹೋಗಿ, "ಬೇಡ ಡಾಕ್ಟ್ರೇ. ಯಾವತ್ತಾದ್ರೂ ನಂಗೇ ಬೇಕು ಅನ್ಸಿದ್ರೆ ಬತ್ತೀನಿ," ಎಂದಳು.

"ಈಗ ಗುರುಪುರಕ್ಕೆ ಓಡ್ಸಿ," ಎಂದು ಸುಕನ್ಯ ಕಿರಣನಿಗೆ ಹೇಳಿದಾಗ ಪುಟ್ಟಮಾದಮ್ಮ ಬಾಯಿ ಬಡಿದುಕೊಂಡಳು. "ಧಾರೆಗೆ ಮುಂಚೆ ಗಂಡಿನ ಮನೆ ಒಸಲು ತುಳೀತಾರೇನೇ?"

"ಅಂಗಳದಲ್ಲೇ ನಿಂತು ಮಾತಾಡ್ತೀನಿ, ಬಾ ದೊಡ್ಡವ್ವ."

ಚಿಕ್ಕಬಸಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಸುಕನ್ಯ ಅಂಗಳದಲ್ಲಿ ನಿಂತಳು, ಕನ್ನಡಕ ಹಾಕಿಕೊಂಡೇ.

"ಅತ್ತೆ, ಸೋಕಿಗಲ್ಲ ಇದು. ಹತ್ರದ್ದು ಬರಿಗಣ್ಣಿಗೆ ಕಾಣ್ತದೆ, ಅದುಕ್ಕೇ ಸೂಜಿ ಪೋಣಿಸ್ದೆ. ದೂರದ್ದು ಮಬ್ಬು." ಕನ್ನಡಕ ತೆಗೆದು ಬೇಲಿಯ ಕಡೆ ತೋರಿಸಿದಳು. "ಅಲ್ಲಿ ನಿಂತಿರೋದು ನಿಮ್ಮ ಮಗನೋ, ಕರುವೋ, ಇದಿಲ್ದೆ ನಂಗೆ ಗೊತ್ತಾಗಲ್ಲ."

"ನಂಗೂ ಒಂದೊಂದ್ಸಲ ಗೊತ್ತಾಗಲ್ಲ ಬುಡು," ಎಂದರು ಚಿಕ್ಕಬಸಮ್ಮ. ಆದರೆ ನಗಲಿಲ್ಲ. "ಆಪರೇಸನ್ ಮಾಡ್ಸಲ್ವಾ?"

"ಇಲ್ಲ. ಈ ಕಣ್ಣು ನಂಗೆ ಅನ್ನ ಕೊಡೋ ಕಣ್ಣು. ಹಿಂಗೇ ಧಾರೆಗೆ ನಿಲ್ತೀನಿ. ನಿಮ್ಗೆ ಬೇಡ ಅಂದ್ರೆ ಈಗ್ಲೇ ಏಳ್ಬುಡಿ."

ಚಿಕ್ಕಬಸಮ್ಮ ನಾಲ್ಕು ಕಾಯಿ ಸುಲಿದರು. ಐದನೆಯದನ್ನು ಮೊರಕ್ಕೆ ಎಸೆದು ಅವಳನ್ನೇ ದಿಟ್ಟಿಸಿದರು.

"ನನ್ನ ಮುಖ ನೋಡಿ ಇಷ್ಟು ಮಾತಾಡ್ದೋರು ಈ ಮನೇಲಿ ಇನ್ನೂ ಒಬ್ರೂ ಇರ್ಲಿಲ್ಲ," ಎಂದರು. "ಒಬ್ರು ಇರ್ಲಿ. ಪುಟ್ಟಮಾದಮ್ಮ, ಕೂತ್ಕೊ ಬಾ, ಪತ್ರಿಕೆ ಯಾವತ್ತು ಬರೆಸಾನ ಏಳು."

ದೊಡ್ಡವರು ದಿನ ಎಣಿಸಲು ಕೂತರು. ಬೇಲಿಯ ಹತ್ತಿರವೇ ನಿಂತಿದ್ದ ಕಿರಣನ ಬಳಿಗೆ ಸುಕನ್ಯ ಹೋದಳು.

"ಅವ್ವ ಬೇಡ ಅಂದಿದ್ರೆ?" ಎಂದ.

"ಬಸ್ಸತ್ತಿ ಊರಿಗೋಯ್ತಿದ್ದೆ."

"ನನ್ನ ಬುಟ್ಟು?"

"ನಿಮ್ಮತ್ರ ಟೆಂಪೋ ಅದೆಯಲ್ಲ. ಹಿಂದೆ ಬರ್ತಿರ್ಲಿಲ್ವಾ?"

ತಾಯಿಯ ಕಡೆ ಒಮ್ಮೆಯೂ ತಿರುಗಿ ನೋಡದೆ ಅವನು ಹೇಳಿದ:

"ಬತ್ತಿದ್ದೆ."